ಜೀರುಂಡೆಯ ಟೇಪು

ಟೇಪ್ ರೆಕಾರ್ಡರು ದಾಂಡೇಲಿಯ ನಮ್ಮ ಹೈಸ್ಕೂಲಿಗೆ ಬಂದದ್ದು ಸಂಕ್ರಾಂತಿ ಕಳೆದ ವಾರ, ಧಾರವಾಡದ ಬಸ್ಸಿನಲ್ಲಿ, ಗೋಣಿತಟ್ಟು ಸುತ್ತಿಕೊಂಡು. ಕಂಡಕ್ಟರು ಅದನ್ನು ಹೊಲಿಗೆ ಯಂತ್ರವೆಂದು ತಿಳಿದು ತಲೆಕೆಳಗಾಗಿ ಇಟ್ಟಿದ್ದ. ಹೆಡ್‌ಮಾಸ್ತರರು ಗೋಣಿ ಬಿಚ್ಚಿಸಿ, ಮುಚ್ಚಳ ತೆಗೆಸಿ, ಒಳಗಿನ ಎರಡು ಸುರುಳಿಗಳನ್ನು ನೋಡಿ, ಮುಟ್ಟದೆ ನನ್ನ ಕಡೆ ಸರಿಸಿದರು.

"ಬಾಯಾರ, ಇದು ಎರವಲು ಬಂದದ್ದು. ವಾರ್ಷಿಕ ಪರೀಕ್ಷಾಕ್ಕಿಂತ ಮೊದಲ ತಿರುಗಿ ಕಳಸಬೇಕು. ಅಷ್ಟರಾಗ ನಿಮ್ಮ ಪಾಠ ತುಂಬಿ ಆಗಬೇಕು ನೋಡ್ರಿ."

ನಾನು ಆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ; ಕಲಿಸುವ ಹೆಂಗಸೆಂದು ಊರವರಿಗೆಲ್ಲ ನಾನು 'ಬಾಯಾರ'. ಅರವತ್ತರ ದಶಕದ ನಡುವಿನ ಆ ದಿನಗಳಲ್ಲಿ ಶಬ್ದದ ಪಾಠಕ್ಕೆ ನಮ್ಮಲ್ಲಿ ಬಡಿದರೆ ಒಂದೇ ಸ್ವರ ಹೊರಡಿಸುವ ಉಕ್ಕಿನ ಕವೆ, ಒಂದೇ ಒಂದು ಶ್ರುತಿಕವೆ ಇತ್ತು. ಹಳಿಯಾಳ, ಜೋಯಿಡಾ, ಮುಂಡಗೋಡದ ಶಾಲೆಗಳಲ್ಲಿ ಅದೂ ಇರಲಿಲ್ಲ. ಆದ್ದರಿಂದ ಒಂದು ಸುರುಳಿಯಲ್ಲಿ ಐದು ತುಣುಕು ತುಂಬಬೇಕು, ಯಂತ್ರದೊಂದಿಗೆ ಅದು ಬಸ್ಸಿನಲ್ಲಿ ಊರೂರಿಗೆ ಹೋಗಬೇಕು, ಅಲ್ಲಿಯ ಮಾಸ್ತರರು ಹಚ್ಚಿ ಕೇಳಿಸಬೇಕು ಎಂದು ಗೊತ್ತಾಗಿತ್ತು. ಮೊದಲನೆಯದು ಜೋರು ಮತ್ತು ಮೆಲ್ಲಗೆ. ಎರಡನೆಯದು ಪ್ರತಿಧ್ವನಿ. ಮೂರನೆಯದು ತಗ್ಗಿನ ಸ್ವರದಿಂದ ಎತ್ತರದ ಸ್ವರಕ್ಕೆ ಹೋಗುವುದು: ಡೊಳ್ಳು, ಗಂಡಸಿನ ಧ್ವನಿ, ಹೆಂಗಸಿನ ಧ್ವನಿ, ಕೊನೆಗೆ ಜೀರುಂಡೆ. ನಾಲ್ಕನೆಯದು ಬರಿಯ ಕೋಣೆಗೂ ಬಟ್ಟೆ ತೂಗಿಸಿದ ಕೋಣೆಗೂ ಇರುವ ಅಂತರ. ಐದನೆಯದು ಗದ್ದಲದ ಅಡಿಯಲ್ಲಿ ಮುಳುಗುವ ಮಾತು.

ಯಂತ್ರ ಟಾರ್ಚಿನ ಸೆಲ್ಲುಗಳ ಮೇಲೆ ನಡೆಯುತ್ತಿತ್ತು. ಅದರ ಎದೆಯ ಮೇಲೆ ಗಾಜಿನ ಸಣ್ಣ ಕಿಟಕಿ. ಒಳಗೊಂದು ಮುಳ್ಳು. ಸದ್ದು ತುಂಬುವಾಗಲೂ ತುಂಬಿದ್ದನ್ನು ಕೇಳಿಸುವಾಗಲೂ ಆ ಮುಳ್ಳು ಸದ್ದಿಗೆ ತಕ್ಕಂತೆ ಆಡುತ್ತಿತ್ತು. ಸುರುಳಿಗಳನ್ನು ಮನೆಯ ಚುರುಮುರಿ ಡಬ್ಬಿಯಲ್ಲಿಟ್ಟೆ. ತಂಪು ಹಿಡಿಯಬಾರದಲ್ಲ.

ಮೊದಲ ಪೆಟ್ಟು ಸೆಲ್ಲುಗಳಿಂದಲೇ ಬಿತ್ತು. ಶ್ರುತಿಕವೆಯ ನಾದವನ್ನು ಸಂಜೆ ತುಂಬಿದ್ದೆ. ಮರುದಿನ ಹೊಸ ಸೆಲ್ಲು ಹಾಕಿ ಕೇಳಿಸಿ, ಪಕ್ಕದಲ್ಲೇ ಕವೆಯನ್ನೂ ಬಡಿದು ಹಿಡಿದರೆ ಎರಡೂ ಹೊಂದಲೇ ಇಲ್ಲ. ಟೇಪಿನ ಕವೆ ಒಂದು ಮೆಟ್ಟಿಲು ಮೇಲೆ ಕೂಗುತ್ತಿತ್ತು. ಸೋತ ಸೆಲ್ಲಿನಲ್ಲಿ ಟೇಪು ನಿಧಾನ ಓಡುತ್ತದೆ, ಹೊಸ ಸೆಲ್ಲಿನಲ್ಲಿ ಅದೇ ಟೇಪು ಅವಸರದಿಂದ ಓಡಿ ಸ್ವರ ಏರುತ್ತದೆ ಎಂಬುದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಅಂದಿನಿಂದ ಸೆಲ್ಲು ಎಷ್ಟು ಹೊತ್ತು ನಡೆದವು ಎಂದು ವಹಿಯಲ್ಲಿ ಬರೆಯತೊಡಗಿದೆ. ಸೆಲ್ಲು ಉಳಿಸುವ ಹುಚ್ಚೂ ಆಗಲೇ ಹತ್ತಿತು: ತುಂಬಿದ್ದನ್ನು ಸುಮ್ಮನೆ ಹಚ್ಚಿ ಕೇಳುವುದನ್ನು ಬಿಟ್ಟೆ. ಮುಂದೆ ಅದೇ ನನಗೆ ತೊಡಕಾಯಿತು.

ಸಾಮಾನಿಡುವ ಕೋಣೆಯನ್ನು ತುಂಬುವ ಕೋಣೆ ಮಾಡಿಕೊಂಡೆ. ಗೋಡೆಗಳು ಮಾತನ್ನು ತಿರುಗಿ ಎಸೆಯುತ್ತಿದ್ದವು. ಮನೆಯಿಂದ ಹಳೆ ಸೀರೆ ಹೊಲಿದ ನಾಲ್ಕು ಕೌದಿ ತಂದು ಕಿಟಕಿಗೂ ಬಾಗಿಲಿಗೂ ತೂಗಿಸಿದೆ. ಶಾಲೆಯ ಸಿಪಾಯಿ ಇಣುಕಿ ನೋಡಿ, "ಏನ್ರಿ ಬಾಯಾರ, ಸಾಲ್ಯಾಗ ಬಾಣಂತಿ ಖೋಲಿ ಮಾಡೀರಲ್ಲ? ಕೂಸು ಯಾವಾಗ?" ಎಂದ.

"ಪರೀಕ್ಷಾಕ್ಕಿಂತ ಮೊದಲ," ಎಂದೆ.

ಪ್ರತಿಧ್ವನಿಗೆ ಕೋಗಿಲಬನದ ಹತ್ತಿರ ಕಾಳಿ ಹೊಳೆಯ ದಂಡೆಗೆ ಹೋಗಿ ಎದುರಿನ ಗುಡ್ಡಕ್ಕೆ ಚಪ್ಪಾಳೆ ತಟ್ಟಿ ಬಂದೆ. ಜೀರುಂಡೆಗೆ ಶಿವರಾತ್ರಿಯವರೆಗೆ ಕಾಯಬೇಕಾಯಿತು. ಬಿಸಿಲು ಏರಿದ ಮೇಲೆ ಒಂದು ರವಿವಾರ ಜೋಯಿಡಾದ ಕಾಡಿನಂಚಿಗೆ ಬಸ್ಸಿನಲ್ಲಿ ಹೋಗಿ ಎರಡು ನಿಮಿಷದ ಸದ್ದು ಹಿಡಿದೆ.

ಐದನೆಯ ತುಣುಕಿಗೆ ಗದ್ದಲ ಬೇಕಿತ್ತು. ಊರ ಹೊರಗೆ ಮರ ಕೊಯ್ಯುವ ಒಂದು ಸಾಮಿಲ್ಲು. ಮ್ಯಾನೇಜರು ಬೆಳಗಾವಿ ಕಡೆಯವರು, ಒಪ್ಪಿದರು. ಗರಗಸ ತಿರುಗುವ ಶೆಡ್ಡಿನಲ್ಲಿ ಮೈಕು ಹಿಡಿದು ನಿಂತಾಗ ನನಗೆ ನನ್ನ ಕೆಮ್ಮೂ ಕೇಳಲಿಲ್ಲ. ಆದರೆ ಅಲ್ಲಿಯ ಗಂಡಸರು ಆರಾಮಾಗಿ ಹರಟೆ ಹೊಡೆಯುತ್ತಿದ್ದರು. ಗಂಟಲಿನಿಂದ ಸದ್ದೇ ತೆಗೆಯದೆ ಬರೀ ತುಟಿ ಆಡಿಸುವುದು, ಎದುರಿನವ ಅದನ್ನು ನೋಡಿ ನಗುವುದು, ತಿರುಗಿ ತುಟಿ ಆಡಿಸುವುದು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಊಟದಲ್ಲಿ ಏನು ಪಲ್ಯ ಎಂದು ಕೇಳಿ ತಿಳಿಯುತ್ತಿದ್ದರು.

ಅಲ್ಲಿಯೇ ಮಿಸ್ತ್ರಿಯ ಪರಿಚಯವಾದದ್ದು. ಹಳಿಯಾಳದ ಮುಸಲ್ಮಾನರು, ನನ್ನದೇ ವಯಸ್ಸು, ನಲವತ್ತು ದಾಟಿದವರು. ಗರಗಸದ ಹಲ್ಲುಗಳನ್ನು ಸಾಣೆಯ ಚಕ್ರಕ್ಕೆ ಹಿಡಿದು ಹರಿತ ಮಾಡುವ ಕೆಲಸ. ಉಕ್ಕು ಚಕ್ರಕ್ಕೆ ತಾಗಿದಾಗ ಏಳುವ ಕೀರಲು ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಓಣಿಯವರ ರೇಡಿಯೋಗಳನ್ನೆಲ್ಲ ರಿಪೇರಿ ಮಾಡುವವರೂ ಅವರೇ. ಯಂತ್ರ ಕಂಡೊಡನೆ ಕೈ ಒರೆಸಿಕೊಂಡು ಬಂದರು.

"ಬೆಲ್ಟ್ ಸಡ್ಲ ಆಗೇತ್ರಿ ಬಾಯಾರ. ಸುರುಳಿ ಜಗ್ಗಿ ಜಗ್ಗಿ ತಿರಗಾಕತ್ತೇತಿ. ಕೊಟ್ಟು ಹೋಗ್ರಿ, ನಾಳೆ ಸಾಲಿಗೆ ತಂದು ಕೊಡ್ತೇನಿ."

ಹಮಾಲರ ಮೇಲಾಳು ಮುಕಾದಮ, ದೊಡ್ಡ ಹೊಟ್ಟೆಯ ಮನುಷ್ಯ, ನಡುವೆ ಬಾಯಿ ಹಾಕಿದ. "ಕೊಡ್ರಿ ಬಾಯಾರ, ಈಗ ಕೊಟ್ಟರ ಮಾಡ್ತಾನ. ಮುಂದಿನ ತಿಂಗಳ ಒಂದನೇ ತಾರೀಖಿಗೆ ನಮ್ಮ ಮಿಸ್ತ್ರಿ ಸಾಹೇಬ ಕ್ರೇನ್ ಮ್ಯಾಲೆ ಹತ್ತಾಂವ. ಆಮ್ಯಾಲ ನಮ್ಮನ್ನ ಯಾಕ ನೋಡ್ಯಾನು?"

ದಿಮ್ಮಿಗಳನ್ನು ಎತ್ತಿಡುವ ಕ್ರೇನಿನ ಹಳೆಯ ಡ್ರೈವರು ಬಿಟ್ಟು ಹೋಗಿದ್ದ. ಆ ಜಾಗ ಮಿಸ್ತ್ರಿಗೆಂದು ಮ್ಯಾನೇಜರು ಹೇಳಿಯಾಗಿತ್ತು. "ಸಾಣಿ ಧೂಳು ಎದಿಯಾಗ ಕುಂತೈತ್ರಿ," ಎಂದರು ಮಿಸ್ತ್ರಿ. "ಮ್ಯಾಲ ಗಾಳಿ ಐತಿ. ಕುಂತು ಮಾಡೂ ಕೆಲಸ. ಡಾಕ್ಟರೂ ಪಾಸ್ ಮಾಡ್ಯಾರ."

ಮರುದಿನ ಯಂತ್ರ ತಂದರು. ಬೆಲ್ಟು ಸರಿಯಾಗಿತ್ತು. ಜೊತೆಗೊಂದು ಮಾತು ಹೇಳಿದರು: "ಟೇಪ್ ಹಚ್ಚಿ ನೋಡೇನ್ರಿ. ಎಲ್ಲಾ ಚಲೋ ಐತಿ. ಮೂರನೇದರಾಗ ಡೊಳ್ಳು ಆತು, ಮಾತು ಆತು, ಆಮ್ಯಾಲ ಎರಡು ಮಿನಿಟ್ ಖಾಲಿ. ಟೇಪ್ ಓದೂ ಹೆಡ್ಡಿಗೆ ಹೊಲಸು ಕುಂತಿತ್ತೇನೋ, ಸ್ಪಿರಿಟ್ ಹಚ್ಚಿ ಒರಸೇನಿ."

ನಾನು ಹಚ್ಚಿ ನೋಡಲಿಲ್ಲ. ಯಂತ್ರ ತಿಳಿದವರ ಮಾತು, ಸೆಲ್ಲೇಕೆ ಸುಡಬೇಕು ಎನ್ನಿಸಿತು. ವಹಿಯಲ್ಲಿ 'ಜೀರುಂಡೆ ಬಂದಿಲ್ಲ' ಎಂದು ಬರೆದು, ಮುಂದಿನ ರವಿವಾರ ಮತ್ತೆ ಜೋಯಿಡಾದ ಬಸ್ಸು ಹತ್ತಿದೆ. ನಮ್ಮ ಮನೆಯವರು ಊಟದ ಗಂಟು ಹಿಡಿದು ಜೊತೆಗೆ ಬಂದರು. "ಮನ್ಯಾಗ ಸೊಳ್ಳಿ ಬೇಕಾದಷ್ಟು ಅದಾವ. ಅದನ್ನ ತುಂಬಕೊಂಡು ಜೀರುಂಡಿ ಅಂದ್ರ ಮುಂಡಗೋಡದಾಗ ಯಾರಿಗೆ ತಿಳೀತದ?" ಎಂದು ದಾರಿಯುದ್ದಕ್ಕೂ ಕಾಡಿದರು. ಈ ಸಲ ಮರದ ಬುಡಕ್ಕೇ ಮೈಕು ಒಯ್ದು ಹಳೆಯ ತುಣುಕಿನ ಮೇಲೇ ತುಂಬಿದೆ.

ಸೋಮವಾರ ಶಾಲೆ ಬಿಟ್ಟ ಮೇಲೆ ಮಿಸ್ತ್ರಿ ಬಂದರು. ನಾನು ವಹಿ ತಿದ್ದುತ್ತ ವರಾಂಡದಲ್ಲಿದ್ದೆ. ಅವರು ಒಳಗೆ ಹೋಗಿ ಬಾಗಿಲಿಗೆ ಕೌದಿ ಎಳೆದುಕೊಂಡು ಹೊಸದಾಗಿ ತುಂಬಿದ್ದನ್ನು ಹಚ್ಚಿ ನೋಡಿ, ಹೊರಗೆ ಬಂದು ತಲೆ ಅಲ್ಲಾಡಿಸಿದರು.

"ಇಲ್ರಿ ಬಾಯಾರ. ಮತ್ತ ಖಾಲಿ. ಈ ಟೇಪ್ ಆ ಜಾಗಾದಾಗ ಕೆಟ್ಟೈತಿ. ಕತ್ತರಿಸಿ ತಗದು ಕೂಡಸೂಣು."

ಕತ್ತರಿಯನ್ನೂ ತಂದಿದ್ದರು. ಎರಡು ರವಿವಾರ ಹೋಗಿತ್ತು. ಯಂತ್ರ ತಿರುಗಿ ಕಳಿಸುವ ದಿನ ಹತ್ತಿರ ಬಂದಿತ್ತು. ಕತ್ತರಿಸುವ ಮೊದಲು ಒಮ್ಮೆ ನಾನೇ ನೋಡುತ್ತೇನೆ ಎಂದು ಒಳಗೆ ಹೋಗಿ ಹಚ್ಚಿದೆ. ಡೊಳ್ಳು ಬಂತು. ಹೆಡ್‌ಮಾಸ್ತರರ ಧ್ವನಿ ಬಂತು. ನನ್ನ ಧ್ವನಿ ಬಂತು. ಆಮೇಲೆ ಕೋಣೆಯ ತುಂಬ ಜೀರುಂಡೆ. ಕೌದಿ ತೂಗಿಸಿದ ಕೋಣೆಯಲ್ಲೂ ಕಿವಿಗೆ ಹೊಡೆಯುವಷ್ಟು ಜೋರು.

"ಖಾಲಿ ಎಲ್ಲೈತಿ ಮಿಸ್ತ್ರಿ? ಕಿವಿ ತೂತಾಗೂ ಹಂಗ ಬಂದೈತಿ," ಎಂದು ನಕ್ಕೆ.

ಅವರು ನಗಲಿಲ್ಲ. ನಾನು ಚೇಷ್ಟೆ ಮಾಡುತ್ತಿದ್ದೇನೆಯೋ ಎಂದು ಮುಖ ನೋಡಿದರು. ಆಮೇಲೆ ಬಗ್ಗಿ ಗಾಜಿನ ಕಿಟಕಿ ನೋಡಿದರು. ಮುಳ್ಳು ಬಲಗಡೆ ಹೋಗಿ ಅಲ್ಲೇ ನಡುಗುತ್ತ ನಿಂತಿತ್ತು. ಬೆರಳಿನಿಂದ ಗಾಜನ್ನು ತಟ್ಟಿದರು. ಗುಂಡಿ ಒತ್ತಿ ಟೇಪು ನಿಲ್ಲಿಸಿದರು, ಮುಳ್ಳು ಬಿತ್ತು. ಮತ್ತೆ ಓಡಿಸಿದರು, ಎದ್ದಿತು. ಹೀಗೆ ಮೂರು ಸಲ ಮಾಡಿದರು. ಕೊನೆಗೆ ಸ್ಟೂಲಿನ ಮೇಲೆ ಕುಳಿತು, "ಮುಳ್ಳು ಸುಳ್ಳ ಹೇಳೂದಿಲ್ಲ. ಸದ್ದು ಐತಿ. ನನಗ ಇಲ್ಲ," ಎಂದರು.

ನಾನು ಗೋಡೆಯ ಕಡೆ ತಿರುಗಿ, ಸಡಿಲಾಗಿದ್ದ ಕೌದಿಯ ಮೂಲೆ ಸಿಕ್ಕಿಸುತ್ತ, ಇದು ಯಾವಾಗಿನಿಂದ ಎಂದು ಕೇಳಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದೆ.

"ಏನೋ ಅಂದ್ರಿ. ದನಿ ಬಂತು, ಮಾತು ತಿಳೀಲಿಲ್ಲ," ಎಂದರು. ಆಗ ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ಸಾಮಿಲ್ಲಿನಲ್ಲೂ, ವರಾಂಡದಲ್ಲೂ, ಯಾವಾಗಲೂ ಅಲ್ಲೇ ಇರುತ್ತಿತ್ತು ಎಂಬುದು ಹೊಳೆಯಿತು. ಡಾಕ್ಟರು ಪಾಸು ಮಾಡಿದ್ದು ಹೇಗೆಂದು ಕೇಳಿದೆ. ಐದಾರು ಹೆಜ್ಜೆ ದೂರ ಎದುರಿಗೆ ನಿಂತು ಹೆಸರೇನು, ಊರು ಯಾವುದು ಎಂದು ಮೆಲ್ಲಗೆ ಕೇಳಿದರಂತೆ. ಶೆಡ್ಡಿನ ಮಂದಿಗೆ ಅದೊಂದು ಪರೀಕ್ಷೆಯೇ ಅಲ್ಲ. ಡಾಕ್ಟರಿಗೆ ಮೋಸ ಮಾಡಿದ್ದೂ ಅಲ್ಲ. ಕೇಳುವುದೂ ನೋಡುವುದೂ ಬೇರೆ ಬೇರೆ ಎಂಬುದು ಅವರಿಗೇ ಮರೆತು ಹೋಗಿತ್ತು.

ನನಗೆ ತಟ್ಟನೆ ಕ್ರೇನು ನೆನಪಾಯಿತು. ಕೆಳಗಿನ ಮುಕಾದಮ ಸೀಟಿ ಊದುತ್ತಿದ್ದ. ಒಂದು ಊದಿದರೆ ಎತ್ತು, ಎರಡು ಊದಿದರೆ ಇಳಿಸು, ಉದ್ದಕ್ಕೆ ಊದಿದರೆ ಎಲ್ಲಿದ್ದೀಯೋ ಅಲ್ಲೇ ನಿಲ್ಲಿಸು. ಸೀಟಿಯ ಸದ್ದೂ ಜೀರುಂಡೆಯ ಕಡೆಯದೇ, ಎತ್ತರದ ಸ್ವರದ್ದು.

ಮರುದಿನ ಸಾಮಿಲ್ಲಿನ ಅಂಗಳಕ್ಕೆ ಹೋಗಿ, ಪಾಠಕ್ಕೆ ಬೇಕು ಎಂದು ಹೇಳಿ, ಕ್ರೇನಿನ ಮೇಲೆ ಡ್ರೈವರು ಕೂಡುವ ಕೊಠಡಿ ಇರುವಷ್ಟು ದೂರ ನಿಂತು ಸೀಟಿಯನ್ನು ಹತ್ತು ಸಲ ತುಂಬಿಸಿದೆ. ಒಂದು ಲಾರಿಯ ರಬ್ಬರ್ ಹಾರ್ನನ್ನೂ ಹತ್ತು ಸಲ ಒತ್ತಿಸಿದೆ. ಅದರ 'ಪೋಂ' ಗಂಡಸಿನ ಧ್ವನಿಯಷ್ಟೇ ತಗ್ಗು. ಸಂಜೆ ಶಾಲೆಯ ಕೋಣೆಯಲ್ಲಿ ಸದ್ದಿನ ಗುಂಡಿಯನ್ನು ಅಂಗಳದಷ್ಟೇ ಜೋರು ಎನಿಸುವಲ್ಲಿಗೆ ತಿರುಗಿಸಿ ಸೀಮೆಸುಣ್ಣದ ಗುರುತು ಹಾಕಿದೆ. ಮಿಸ್ತ್ರಿ ನನಗೂ ಯಂತ್ರಕ್ಕೂ ಬೆನ್ನು ಮಾಡಿ ಕುಳಿತರು. ಕೇಳಿದಾಗ ಕೈ ಎತ್ತಬೇಕು. ನಾನು ಎಣಿಕೆಗೆ ಸಿಗದಂತೆ ನಡುವೆ ಹೆಚ್ಚು ಕಡಿಮೆ ಹೊತ್ತು ಬಿಟ್ಟು ಹಚ್ಚಿದೆ. ಸೀಟಿಗೆ ಹತ್ತರಲ್ಲಿ ಎರಡು ಸಲ ಕೈ ಎದ್ದಿತು. ಹಾರ್ನಿಗೆ ಹತ್ತಕ್ಕೆ ಹತ್ತು.

ಅವರ ಮುಖ ಅರಳಿತು. "ಹಂಗಾದ್ರ ಹಾರ್ನ್ ಇಟ್ಟರಾತು!"

"ಇಡಬೇಕಂದ್ರ ಯಾಕಂತ ಹೇಳಬೇಕಲ್ಲ ಮಿಸ್ತ್ರಿ."

"ಅದೊಂದು ಬ್ಯಾಡ್ರಿ. ಕಿವುಡ ಅಂತ ಹೆಸರ ಬಿತ್ತಂದ್ರ ಕ್ರೇನೂ ಹೋಗ್ತೈತಿ, ಸಾಣೀನೂ ಹೋಗ್ತೈತಿ. ಯಾರಿಗೂ ಹೇಳಬ್ಯಾಡ್ರಿ. ನಾ ಕೈ ನೋಡಿ ನಡಸ್ತೇನಿ. ನಮ್ಮ ಕಣ್ಣು ನಿಮ್ಮ ಕಿವಿಗಿಂತ ಜೋರ ಅದಾವ."

"ದಿಮ್ಮಿ ಎತ್ತೂ ಕೊಕ್ಕಿ ನೋಡೂ ಮುಂದ ಕೈ ಹೆಂಗ ನೋಡ್ತೀರಿ?"

ಮಿಸ್ತ್ರಿ ಹಿಂದಿನ ದಿನ ಬಿಟ್ಟು ಹೋಗಿದ್ದ ಕತ್ತರಿಯನ್ನು ಅರಿವೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಆ ಎರಡು ದಿನ ನಾನು ರೊಟ್ಟಿ ಬಡಿಯುವಾಗಲೂ ಅದನ್ನೇ ಯೋಚಿಸಿದೆ. ಮ್ಯಾನೇಜರಿಗೆ ನಾನೇ ಹೋಗಿ ಹೇಳುವುದೆಂದರೆ, ನನ್ನ ಯಂತ್ರ ರಿಪೇರಿ ಮಾಡಲು ಬಂದವರ ಗುಟ್ಟನ್ನು ಕದ್ದು ಒಯ್ದಂತೆ. ಸುಮ್ಮನಿರುವುದೆಂದರೆ, ದಿಮ್ಮಿಯ ಕೆಳಗೆ ನಿಲ್ಲುವ ಮುಕಾದಮನಿಗೆ ಗೊತ್ತಿಲ್ಲದ ಸಂಗತಿ ನನಗೆ ಗೊತ್ತಿದ್ದೂ ಅವನ ಮುಂದೆ ನಡೆದು ಹೋಗುವುದು. ಮನೆಯವರು, "ಇದರಾಗ ನೀ ಬೀಳಬ್ಯಾಡ," ಎಂದರು. ಗುರುವಾರ ಸಂಜೆ ಮಿಸ್ತ್ರಿಯ ಮನೆಗೆ ಹೋದೆ. ಅವರ ಹೆಂಡತಿ ಚಹಾ ತಂದಿಟ್ಟರು. ಮಿಸ್ತ್ರಿಗೆ ಎದುರಾಗಿ ಕುಳಿತು, ತುಟಿ ಸ್ಪಷ್ಟವಾಗಿ ಕಾಣುವಂತೆ ಹೇಳಿದೆ:

"ನೀವ ಹೇಳ್ರಿ. ಶನಿವಾರ ಮಧ್ಯಾಹ್ನದ ತನಕ ತಡೀತೇನಿ. ನೀವು ಹೇಳಲಿಲ್ಲಾ ಅಂದ್ರ ನಾ ಹೇಳ್ತೇನಿ."

"ಧಮಕಿ ಏನ್ರಿ ಬಾಯಾರ?"

"ಹೌದು."

ಚಹಾ ಕುಡಿದು ಎದ್ದೆ. ಯಾರೂ ಕಳಿಸಲು ಬಾಗಿಲ ತನಕ ಬರಲಿಲ್ಲ. ಶುಕ್ರವಾರ ಬೆಲ್ಟು ಮತ್ತೆ ಜಾರತೊಡಗಿತು. ಯಾರನ್ನೂ ಕರೆಯದೆ ಹಳೆಯ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಹಾಕಿಕೊಂಡೆ. ಹೇಗೋ ನಡೆಯಿತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಯಂತ್ರವನ್ನು ಸಿಪಾಯಿಯ ಸೈಕಲ್ಲಿಗೆ ಕಟ್ಟಿಸಿ ಸಾಮಿಲ್ಲಿಗೆ ಹೋದೆ. ಅಂಗಳದಲ್ಲಿ ಮಂದಿ ಕೂಡಿತ್ತು. ನಡುವೆ ಮಿಸ್ತ್ರಿ, ಎದುರಿಗೆ ಮ್ಯಾನೇಜರು. ಮಿಸ್ತ್ರಿ ನನ್ನನ್ನು ನೋಡಿದರೂ ನೋಡದವರಂತೆ ನಿಂತರು. ಅವರೇ ಹೇಳಿಯಾಗಿತ್ತು. ಮ್ಯಾನೇಜರು ನಂಬಲು ತಯಾರಿರಲಿಲ್ಲ.

"ಅರೆ, ಹತ್ತು ವರ್ಷದಿಂದ ನಿನ್ನ ಜೋಡಿ ಮಾತಾಡೇನಿ. ಈಗೂ ಮಾತಾಡಾಕತ್ತೇನಿ. ಕಿವುಡ ಅಂತೀಯಲ್ಲ, ಚೇಷ್ಟಾ ಮಾಡ್ತೀಯೇನು?"

"ಸಾಹೇಬ್ರ, ನನ್ನ ಹಿಂದ ಹೋಗ್ರಿ. ಹೋಗಿ ಸೀಟಿ ಊದ್ರಿ."

ಮ್ಯಾನೇಜರು ಮುಕಾದಮನ ಕೊರಳಿನ ಸೀಟಿ ತೆಗೆದುಕೊಂಡು ಕ್ರೇನಿನ ಹತ್ತಿರ ಹೋಗಿ ಉದ್ದಕ್ಕೆ ಊದಿದರು. ಅಂಗಳದಲ್ಲಿದ್ದವರೆಲ್ಲ ಆ ಕಡೆ ತಿರುಗಿದರು. ಮಿಸ್ತ್ರಿ ಒಬ್ಬರು ಎದುರಿನ ದಿಮ್ಮಿಗಳನ್ನು ನೋಡುತ್ತ ನಿಂತಿದ್ದರು, ಇನ್ನೂ ಯಾಕೆ ಊದಲಿಲ್ಲ ಎಂದು ಕಾಯುವವರ ಹಾಗೆ.

ಮಿಸ್ತ್ರಿ ಸುತ್ತಲಿನ ಮುಖಗಳನ್ನು ನೋಡಿ ತಿಳಿದುಕೊಂಡರು. ಚೀಲದಿಂದ ಒಂದು ರಬ್ಬರ್ ಹಾರ್ನು ತೆಗೆದು, "ಇದು ಕೇಳ್ತೈತ್ರಿ. ಬಾಯಾರ ಹತ್ತಕ್ಕ ಹತ್ತು ನೋಡ್ಯಾರ. ಗರಗಸ ಚಾಲೂ ಮಾಡಿಸಿ ನೀವ ನೋಡ್ರಿ," ಎಂದರು.

ಗರಗಸ ಓಡುವಾಗಲೇ ನೋಡಬೇಕು ಎಂಬ ಯೋಚನೆ ನನಗೆ ಬಂದಿರಲಿಲ್ಲ. ಕೌದಿಯ ಕೋಣೆಯಲ್ಲಿ ಮಾಡಿದ ಪರೀಕ್ಷೆ ಅಂಗಳಕ್ಕೆ ಸಾಲದು ಎಂಬುದು, ಗದ್ದಲದ ಐದನೆಯ ತುಣುಕನ್ನು ತುಂಬಿದವಳಿಗೇ ಹೊಳೆದಿರಲಿಲ್ಲ. ಶೆಡ್ಡಿನಲ್ಲಿ ಗರಗಸ ಎದ್ದಿತು. ಹಾರ್ನು ಒತ್ತಲು ಒಬ್ಬ ಹಮಾಲ ದಿಮ್ಮಿಗಳ ಹಿಂದೆ ಹೋದ. ಮುಕಾದಮ ಮಿಸ್ತ್ರಿಯ ಎದುರಿಗೆ ನಿಂತ. ಕೈ ಎದ್ದೊಡನೆ 'ಹಾಂ' ಎಂದು ಅವನು ಕೂಗಬೇಕು. ನಾನು ಯಂತ್ರವನ್ನು ದಿಮ್ಮಿಯ ಮೇಲಿಟ್ಟು ಓಡಿಸಿ ಮೈಕು ಹಿಡಿದೆ.

ಪೋಂ. ಹಾಂ. ಪೋಂ. ಹಾಂ. ಮೂರನೆಯದಕ್ಕೂ ಹಾಂ. ನಾಲ್ಕನೆಯದಕ್ಕೆ ಗರಗಸ ಗಂಟಿನ ಮರಕ್ಕೆ ತಾಗಿ ಅರಚಿತು. ಕೈ ಏಳಲಿಲ್ಲ. ಮುಕಾದಮನ ಬಾಯಿ ತೆರೆದದ್ದು ಹಾಗೆಯೇ ಮುಚ್ಚಿತು. ಐದರಿಂದ ಎಂಟರವರೆಗೆ ಸರಿಯಾಯಿತು. ಒಂಬತ್ತನೆಯದು ತಪ್ಪಿತು. ಹತ್ತನೆಯದಕ್ಕೆ ಹಾಂ.

ಗರಗಸ ನಿಲ್ಲಿಸಿದರು. ಮ್ಯಾನೇಜರು ಗಡ್ಡ ಕೆರೆದುಕೊಂಡರು. "ಎಂಟು ಅಂದ್ರ ಕಡಿಮಿ ಅಲ್ಲ. ಕೈ ತೋರಸೂದೂ ಇಟ್ಟರ... ಒಂದು ತಿಂಗಳ ನೋಡೂಣು," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಮಿಸ್ತ್ರಿ ಅವರ ತುಟಿ ನೋಡಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಆ ದಿನ ಮೊದಲ ಸಲ ಮಾತಾಡಿಸಿ, "ಎರಡು ತಪ್ಪಿದ್ವು ಹೌದಿಲ್ರಿ?" ಎಂದರು.

"ಹೌದು."

"ಎರಡು ಅಂದ್ರ ಇಬ್ಬರು ಮಂದಿ." ಹಾರ್ನನ್ನು ಮ್ಯಾನೇಜರ ಕೈಗೆ ಕೊಟ್ಟರು. "ಬ್ಯಾಡ್ರಿ ಸಾಹೇಬ್ರ. ಕ್ರೇನ್ ಬ್ಯಾರೇದವರಿಗೆ ಕೊಡ್ರಿ. ಸಾಣಿ ಇದ್ದರ ಅಷ್ಟ ನೋಡ್ರಿ."

ಮುಕಾದಮ ಮುಂದೆ ಬಂದು, "ಆ ಎರಡರಾಗ ಒಂದು ನಂದ ಇರತಿತ್ತಲ್ಲೋ ಭಾಯಿ," ಎಂದ.

"ಎರಡೂ ನಿನ್ನವ. ಹೊಟ್ಟಿ ನೋಡ್ಕೋ, ಇಬ್ಬರದ ಐತಿ."

ಎಲ್ಲರಿಗಿಂತ ಜೋರಾಗಿ ಮುಕಾದಮನೇ ನಕ್ಕ. ಮ್ಯಾನೇಜರು ಸಾಣೆಯ ಕೆಲಸಕ್ಕೆ ಏನೂ ಬಾಧೆಯಿಲ್ಲ ಎಂದು ಅಲ್ಲೇ ಹೇಳಿದರು. ಡಾಕ್ಟರು ಮುಂದಿನ ಸಲ ಬಂದಾಗ ಬೆನ್ನ ಹಿಂದೆ ನಿಂತು ಎಲ್ಲರನ್ನೂ ನೋಡಬೇಕು ಎಂದೂ ಹೇಳಿದರು. ಆಗ ನಗು ಕಡಿಮೆಯಾಯಿತು. ಶೆಡ್ಡಿನ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೋಮವಾರ ಮಿಸ್ತ್ರಿ ಶಾಲೆಗೆ ಬಂದು, ನನ್ನ ಸೈಕಲ್ ಟ್ಯೂಬಿನ ಬೆಲ್ಟು ಕಂಡು, "ಇದೇನ್ರಿ, ಎಮ್ಮಿಗೆ ಹಗ್ಗ ಕಟ್ಟಿದಂಗ," ಎಂದು ಕಿತ್ತೆಸೆದು ಬೇರೆ ಹಾಕಿದರು. ಸುರುಳಿಯ ಕೊನೆಗೆ ಉಳಿದಿದ್ದ ನಾಲ್ಕು ನಿಮಿಷದ ಜಾಗದಲ್ಲೇ ಶನಿವಾರದ ಅಂಗಳದ ಪರೀಕ್ಷೆಯನ್ನು ತುಂಬಿದ್ದೆ. ಅದು ಆರನೆಯ ತುಣುಕಾಗಿ ಉಳಿಯಬಹುದೇ ಎಂದು ಕೇಳಿದೆ. ಬೇಡವೆಂದರೆ ಅವರ ಎದುರಿಗೇ ಅಳಿಸುತ್ತೇನೆ ಎಂದೆ. ಅವರು ಮುಳ್ಳು ಆಡುವುದನ್ನು ನೋಡುತ್ತ ಮೊದಲಿನಿಂದ ಕೊನೆಯ ತನಕ ಹಚ್ಚಿಸಿ ಕುಳಿತರು.

"ನನ್ನ ಹೆಸರ ಹಾಕಬ್ಯಾಡ್ರಿ," ಎಂದರು. "ಆದ್ರ ಆ ಎರಡು ತಪ್ಪಿದ್ದನ್ನ ಕತ್ತರಿಸಬ್ಯಾಡ್ರಿ. ಹುಡುಗರು ಎಣಿಸ್ಲಿ."

ಯಂತ್ರ ಮೊದಲು ಹಳಿಯಾಳಕ್ಕೆ, ಆಮೇಲೆ ಜೋಯಿಡಾಕ್ಕೆ ಹೋಯಿತು. ಮುಂಡಗೋಡಕ್ಕೆ ನಾನೇ ಒಯ್ದೆ. ಪಾಳಾ ಹಳ್ಳಿಯಿಂದ ನಡೆದು ಬರುವ ಮಕ್ಕಳೂ ಇದ್ದ ವರ್ಗ. ಹಾರ್ನು ಹತ್ತು, ಹಾಂ ಎಂಟು ಎಂದು ಬೇಗ ಎಣಿಸಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ನಾಲ್ಕನೆಯದಕ್ಕೂ ಒಂಬತ್ತನೆಯದಕ್ಕೂ ಅವರು ಯಾಕೆ ಸುಮ್ಮನಿದ್ದರು ಎಂದು ಕೇಳಿದಳು. ಸುರುಳಿಯೊಡನೆ ಹೋಗುವ ಸೂಚನೆಯ ಹಾಳೆಯಲ್ಲಿ ಅಂದು ಸಂಜೆಯೇ ಒಂದು ಸಾಲು ಸೇರಿಸಿದೆ: ಆರನೆಯ ತುಣುಕನ್ನು ವರ್ಗದಲ್ಲಿ ಯಾರಾದರೂ ಈ ಪ್ರಶ್ನೆ ಕೇಳುವ ತನಕ ಮತ್ತೆ ಮತ್ತೆ ಹಚ್ಚಬೇಕು, ಸೆಲ್ಲು ಎಷ್ಟು ಖರ್ಚಾದರೂ ಚಿಂತೆಯಿಲ್ಲ.